ಕಾಲಂ ಆರು

ಪೊಲ್ಲಿಬೆಟ್ಟದ ನಮ್ಮ ಗಾಲ್ಫ್ ಕ್ಲಬ್ಬಿನ ರಿಜಿಸ್ಟರಿನಲ್ಲಿ
ಏಳು ಕಾಲಂ. ಹೆಸರು, ಊರು, ಗಾಡಿ ನಂಬರು,
ಬಂದ ಹೊತ್ತು, ಕೊಟ್ಟ ದುಡ್ಡು,
ಆರನೆಯದು ಹ್ಯಾಂಡಿಕ್ಯಾಪು, ಕೊನೆಗೆ ರುಜು.
ಹದಿನಾಲ್ಕು ವರ್ಷದಿಂದ ಗೆರೆ ಎಳೆಯುವವನು ನಾನು.
ಕೋಲು ಹಿಡಿದವನಲ್ಲ.

ಗೋಡೆಗೆ ಮರದ ಫಲಕ:
‘ಅತಿಥಿ ಆಟಗಾರರು ಅಧಿಕೃತ ಹ್ಯಾಂಡಿಕ್ಯಾಪ್ ಪತ್ರ
ತಪ್ಪದೆ ತೋರಿಸತಕ್ಕದ್ದು.’
ಒತ್ತನ್ನು ಗೆದ್ದಲು ತಿಂದು ಈಗ ಅದು ‘ತಪದೆ’.
ತಪ ಮಾಡಿಯೇ ಬರಬೇಕೇನೋ ಅನ್ನುವ ಹಾಗೆ.

ಆ ಅಂಕೆ ಏನೆಂದರೆ ಕರ್ನಲ್ ಬೆಳ್ಯಪ್ಪ ಹೇಳುವುದು:
‘ನೀನು ಎಷ್ಟು ತಪ್ಪುತ್ತೀ ಅಂತ ನಿನ್ನ ಊರಿನವರು
ಮೊದಲೇ ಬರೆದುಕೊಟ್ಟ ಚೀಟಿ. ಅಷ್ಟು ಮಾಫಿ.’
ಮಾಫಿಗೂ ಸೀಲು ಬೇಕು.

ಪಕ್ಕದ ತೋಟದಲ್ಲಿ ಕೈಲ್ ಮುಹೂರ್ತದ ದಿನ
ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ.
ನೆಂಟರಿಗೂ ಕೊಡುತ್ತಾರೆ ಕೋವಿ. ಒಮ್ಮೆ ನನಗೂ.
ಇಷ್ಟರವರೆಗೆ ಎಷ್ಟು ಕಾಯಿ ಕೆಡವಿದ್ದೀ
ಎಂದು ಯಾರೂ ಕೇಳಲಿಲ್ಲ.
ಕಾಯಿ ಅಲುಗಲಿಲ್ಲ. ಭುಜ ಮೂರು ದಿನ ನೋವು.
ಊಟ ಹಾಕಿದರು.

ಇಲ್ಲಿ ನಾನು ಕೇಳಲೇಬೇಕು.
ಫೋನು ತೀಡಿ ತೀಡಿ ತೋರಿಸುವವರು,
ಮನೆಯಲ್ಲಿ ಮರೆತೆ ಎನ್ನುವವರು,
ನಾನು ಯಾರು ಗೊತ್ತಾ ಎನ್ನುವವರು
(ಅವರದು ಸಾಮಾನ್ಯವಾಗಿ ಇಪ್ಪತ್ತೆಂಟರ ಮೇಲೆ).
ಲ್ಯಾಮಿನೇಟ್ ಮಾಡಿಸಿದ ‘ಒಂಬತ್ತ’ನ್ನು ಒಬ್ಬರು
ಇಸ್ಪೀಟೆಲೆಯಂತೆ ಮೇಜಿಗೆ ಬಡಿದರು.
ಆರನೇ ಕುಳಿಯ ಹತ್ತಿರ ಕಾಫಿಗಿಡದ ಬುಡದಿಂದ
ಚೆಂಡನ್ನು ಬೂಟಿನಲ್ಲೇ ಮೆಲ್ಲಗೆ ಈಚೆ ತಂದರಂತೆ.
ಕ್ಯಾಡಿ ಮುತ್ತ ನೋಡಿದ, ಅಲ್ಲಿ ಬಾಯಿ ಬಿಡಲಿಲ್ಲ,
ನನಗೆ ಹೇಳಿದ.
ರಿಜಿಸ್ಟರಿನಲ್ಲಿ ಅವರು ಒಂಬತ್ತೇ.

ಜನವರಿಯ ಒಂದು ಮಂಗಳವಾರ
ಕಾಫಿ ಕೊಯ್ಲಿನ ಆಳುಗಳ ಜೀಪಿನಿಂದ ಇಳಿದ
ಶಿವಮಾದು, ಮೈಸೂರು. ಗಾಡಿ ನಂಬರು ಇಲ್ಲ.
ಕ್ರಿಕೆಟ್ ಚೀಲದಲ್ಲಿ ಏಳೇ ಕೋಲು.
ಪತ್ರ?
‘ಇಲ್ಲ ಸಾರ್. ರೇಂಜಲ್ಲಿ ಚೆಂಡು ಆಯೋ ಕೆಲಸ, ಹನ್ನೊಂದು ವರ್ಷ.
ಗಿರಾಕಿ ಹೋದ ಮೇಲೆ ನಾನೂ ಹೊಡೀತೀನಿ.
ಅಲ್ಲಿ ಕುಳಿ ಇರಲ್ಲ ಸಾರ್. ಬೋರ್ಡು ಅಷ್ಟೇ:
ನೂರು, ನೂರೈವತ್ತು, ಇನ್ನೂರು.
ಕುಳಿ ನೋಡೋಣ ಅಂತ ಬಂದೆ.’
ಐನೂರರ ಮೂರು ನೋಟು ಇಟ್ಟ. ಬೆವರಿಗೆ ಒದ್ದೆ.

ಫಲಕ ನೋಡಿದೆ. ಕರ್ನಲ್ ವಿರಾಜಪೇಟೆಗೆ
ಹಲ್ಲು ಕೀಳಿಸಲು ಹೋಗಿದ್ದರು.
ಮೈದಾನದಲ್ಲಿ ಹುಲ್ಲು ಕತ್ತರಿಸುವವ ಬಿಟ್ಟರೆ ಯಾರಿಲ್ಲ.
ಆರನೇ ಕಾಲಂ ಖಾಲಿ ಬಿಟ್ಟೆ.

ಸಂಜೆ ಮುತ್ತ ಬಂದು ಹೇಳಿದ್ದು:
‘ಅಣ್ಣ, ನೂರೈವತ್ತು ಅಂದರೆ ನೂರೈವತ್ತೇ,
ಒಂದು ಗೇಣು ಆಚೀಚೆ ಇಲ್ಲ.
ಕುಳಿ ನೂರಮೂವತ್ತರಲ್ಲಿದ್ದರೂ ನೂರೈವತ್ತೇ!
ನಡುವಿನ ಅಂಕೆ ಅವನಿಗೆ ಗೊತ್ತೇ ಇಲ್ಲ.
ಮೊದಲ ಕುಳಿಯಲ್ಲಿ ಮಂಡಿಯೂರಿ
ಮೊಣಕೈವರೆಗೆ ಕೈ ಹಾಕಲು ನೋಡಿದ,
ಆಳ ಇಷ್ಟೇನಾ ಅಂದ.’
ಹನ್ನೆರಡರಲ್ಲಿ ಚೆಂಡು ಬಿದ್ದದ್ದು
ಸ್ಪ್ರಿಂಕ್ಲರ್ ನೀರು ನಿಂತ ಆನೆಹೆಜ್ಜೆಯೊಳಗೆ.
ನಮ್ಮಲ್ಲಿ ಅದಕ್ಕೆ ದಂಡವಿಲ್ಲ, ಎತ್ತಿಡಬಹುದು ಎಂದರೂ
ಎತ್ತದೆ ಅಲ್ಲಿಂದಲೇ ಹೊಡೆದ. ಮುಖವೆಲ್ಲ ಕೆಸರು.
ಒಟ್ಟು ನೂರಹದಿನೇಳು.

ಬುಧವಾರ ಕರ್ನಲ್ ಬೆರಳಿಟ್ಟರು: ‘ಇದೇನು ಖಾಲಿ?’
ಹೇಳಿದೆ, ಆನೆಹೆಜ್ಜೆ ಸಮೇತ.
ಊದಿದ ದವಡೆಯೊಳಗೇ ಏನೋ ಅಂದರು,
ನಗುವೋ ನೋವೋ ತಿಳಿಯಲಿಲ್ಲ.
ಕೆಂಪು ಪೆನ್ನು ತೆಗೆದು ಆರನೇ ಕಾಲಮಿನಲ್ಲಿ
ಬರೆದರು: ೧೫೦.

ಅವನು ಬಿಟ್ಟುಹೋದ ಚೆಂಡು,
ರೇಂಜಿನ ಕೆಂಪು ಪಟ್ಟಿಯದು,
ಪತ್ರಗಳ ಜೆರಾಕ್ಸ್ ಕಟ್ಟಿನ ಮೇಲೆ ಇಟ್ಟಿದ್ದೇನೆ, ಗಾಳಿಗೆ ಹಾರದಂತೆ.
ಮೇಜು ಓರೆ. ದಿನಕ್ಕೆರಡು ಸಲ ಉರುಳಿ ಬೀಳುತ್ತದೆ.
ಬಗ್ಗಿ ಆಯುತ್ತೇನೆ.
ಅದು ಅವನ ಮಾತು. ನಮ್ಮ ಕಡೆ
ಹೆಕ್ಕುವುದು ಅನ್ನುತ್ತೇವೆ.